ತೋಟ ಅಡ ಇಡುವ ಮೊದಲು ಮೆಡಿಕಲ್: ಪೈಲಟ್ ಆಗಬೇಕೆನ್ನುವವರ ಪ್ರಶ್ನೆಗಳು

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು):
ನಮಸ್ಕಾರ ಸರ್. ಮಗಳು ಈ ವರ್ಷ ಪಿಯುಸಿ ಮುಗಿಸಿದಳು, ಪಿಸಿಎಂಬಿ, 84 ಪರ್ಸೆಂಟ್. ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿನಲ್ಲಿ ವಿಮಾನ ಇಳಿಯೋದನ್ನ ನೋಡಿ ಬಂದ ದಿನದಿಂದ ಪೈಲಟ್ಟೇ ಆಗ್ತೀನಿ ಅಂತ ಹಠ. ಬೆಂಗಳೂರಿನ ಏಜೆಂಟರೊಬ್ಬರು ಫೋನ್ ಮಾಡಿ, ಹದಿನೆಂಟು ತಿಂಗಳಲ್ಲಿ ಕೆಲಸ ಗ್ಯಾರಂಟಿ, ಈ ವಾರದೊಳಗೆ ಐದು ಲಕ್ಷ ಕಟ್ಟಿ ಸೀಟು ಹಿಡಿಯಿರಿ ಅಂತಿದ್ದಾರೆ. ನಮ್ಮದು ಎರಡೂವರೆ ಎಕರೆ ತೋಟ. ಎಲೆಚುಕ್ಕೆ ರೋಗ ಬಂದಮೇಲೆ ಫಸಲೂ ಅಷ್ಟಕ್ಕಷ್ಟೆ. ಚೇಣಿಯವರ (ಫಸಲು ಗುತ್ತಿಗೆ ಹಿಡಿಯುವವರು) ಹತ್ತಿರ ಮುಂಗಡ ಕೇಳೋಣವಾ ಅಂತ ಯೋಚನೆ. ಎಂತ ಮಾಡೋದು ಹೇಳಿ.

ಉತ್ತರ:
ನಮಸ್ಕಾರ. ಈ ವಾರ ಯಾರಿಗೂ ಒಂದು ರೂಪಾಯಿ ಕಟ್ಟಬೇಡಿ. ನಾನೂ ಹೊಸನಗರದ ಕಡೆಯವನು, ಹನ್ನೊಂದು ವರ್ಷದಿಂದ ಏರ್‌ಬಸ್ 320 ಹಾರಿಸುತ್ತಿದ್ದೇನೆ. ನಮ್ಮ ಬ್ಯಾಚಿನಲ್ಲಿ ಒಬ್ಬ ಹುಡುಗ ಇದ್ದ. ಮೊದಲ ಕಂತು ಎಂಟು ಲಕ್ಷ ಕಟ್ಟಿ, ಹಾಸ್ಟೆಲ್ ಸೇರಿ, ಯೂನಿಫಾರ್ಮ್ ಹೊಲಿಸಿ ಆದಮೇಲೆ ಮೆಡಿಕಲ್‌ಗೆ, ಅಂದರೆ ವೈದ್ಯಕೀಯ ತಪಾಸಣೆಗೆ ಹೋದ. ಅಲ್ಲಿ ಗೊತ್ತಾಯಿತು, ಅವನಿಗೆ ಕೆಂಪು-ಹಸಿರು ಬಣ್ಣಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ ಅಂತ. ಹತ್ತೊಂಬತ್ತು ವರ್ಷ ಅವನಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಆ ದುಡ್ಡು ವಾಪಸ್ ಬರಲಿಲ್ಲ. ಅವನಪ್ಪ ಹಾಸ್ಟೆಲಿಗೆ ಬಂದು ಟ್ರಂಕು ಎತ್ತಿಕೊಂಡು ಹೋಗಿದ್ದು ಇವತ್ತಿಗೂ ಕಣ್ಣ ಮುಂದಿದೆ. ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಫೀಸಿಗಿಂತ ಮುಂಚೆ ಮೆಡಿಕಲ್.

ಮೆಡಿಕಲ್‌ನಲ್ಲಿ ಎರಡು ಹಂತ. ಮೊದಲು ಕ್ಲಾಸ್ 2. ಇದನ್ನು ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಇಲಾಖೆ) ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಮಾಡಿಸಬಹುದು. ಅದರ ಮೇಲೆ ಕ್ಲಾಸ್ 1. ಇದಕ್ಕೆ ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಕಮರ್ಷಿಯಲ್ ಪೈಲಟ್ ಆಗಲು ಕ್ಲಾಸ್ 1 ಬೇಕೇ ಬೇಕು. ಕಣ್ಣು, ಕಿವಿ, ಇಸಿಜಿ, ರಕ್ತ, ಎಕ್ಸ್‌ರೇ ಎಲ್ಲ ನೋಡುತ್ತಾರೆ. ಖರ್ಚು ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ, ಲಕ್ಷಕ್ಕೆ ಹೋಗುವುದಿಲ್ಲ. ಕ್ಲಾಸ್ 1 ಕೈಗೆ ಬಂದಮೇಲೆ ಶಾಲೆಯ ಮಾತು.

ಇನ್ನು ಆ ಏಜೆಂಟರ ಮಾತು. ಕೆಲಸದ ಗ್ಯಾರಂಟಿಯನ್ನು ಯಾವ ಫ್ಲೈಯಿಂಗ್ ಸ್ಕೂಲೂ ಕೊಡಲು ಬರುವುದಿಲ್ಲ, ಕೆಲಸ ಕೊಡುವುದು ಏರ್‌ಲೈನ್. ಹದಿನೆಂಟು ತಿಂಗಳು ಎನ್ನುವುದೂ ಕಾಗದದ ಮೇಲಿನ ಲೆಕ್ಕ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಅದರಲ್ಲಿ 100 ಗಂಟೆ ತಾನೇ ಪೈಲಟ್-ಇನ್-ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ತಾನೇ ಹೊತ್ತು. 300 ನಾಟಿಕಲ್ ಮೈಲಿಯ (ಸುಮಾರು 555 ಕಿಲೋಮೀಟರ್) ಒಂದು ದೂರದ ಹಾರಾಟ ಮಾಡಬೇಕು, ರಾತ್ರಿ ಹಾರಾಟವೂ ಆಗಬೇಕು. ಕಲಿಯುವುದು ಸೆಸ್ನಾದಂಥ ಸಣ್ಣ ವಿಮಾನದಲ್ಲಿ, ಬಹುಪಾಲು ಕಣ್ಣಿಗೆ ನೆಲ ಕಾಣುವಾಗ ಮಾತ್ರ. ಜುಲೈ ತಿಂಗಳಲ್ಲಿ ನಿಮ್ಮ ಮನೆ ಅಂಗಳದಲ್ಲಿ ನಿಂತು ಎದುರಿನ ಗುಡ್ಡ ಎಷ್ಟು ದಿನ ಕಾಣುತ್ತದೆ ಎಣಿಸಿ ನೋಡಿ. ಹಾಗೆ ಮೋಡ ಕೂತ ದಿನ ವಿಮಾನ ಶೆಡ್ಡಿನಲ್ಲೇ. ವಿಮಾನ ರಿಪೇರಿಗೆ ಹೋದರೆ ಇನ್ನಷ್ಟು ದಿನ. ಎರಡು ವರ್ಷ ಹಿಡಿದವರನ್ನು ತುಂಬ ನೋಡಿದ್ದೇನೆ.

ಶಾಲೆಗೆ ಹೋದಾಗ ಆಫೀಸಿನವರನ್ನಲ್ಲ, ಅಲ್ಲಿ ಕಲಿಯುತ್ತಿರುವ ಮಕ್ಕಳನ್ನು ಕೇಳಿ: ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇವೆ? ಎಷ್ಟು ಜನ ವಿದ್ಯಾರ್ಥಿಗಳು? ಹೋದ ತಿಂಗಳು ನೀನು ಎಷ್ಟು ಗಂಟೆ ಹಾರಿದೆ? ಮೂರನೆಯ ಪ್ರಶ್ನೆಗೆ ಹುಡುಗರ ಮುಖ ನೋಡಿದರೇ ಉತ್ತರ ಸಿಗುತ್ತದೆ. ಫೀಸನ್ನು ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕಟ್ಟಿ, ಒಟ್ಟಿಗೆ ಕಟ್ಟಲೇಬೇಡಿ.

ಪ್ರಶ್ನೆ (ಅದೇ ತಂದೆ):
ತುಂಬ ಉಪಕಾರ ಆಯ್ತು ಸರ್. ಒಟ್ಟು ಖರ್ಚು ಎಷ್ಟು ಬೀಳಬಹುದು? ತೋಟದ ಮೇಲೆ ಬ್ಯಾಂಕ್ ಸಾಲ ಆಗುತ್ತಾ?

ಉತ್ತರ:
ಲೈಸೆನ್ಸ್ ತನಕ ಸುಮಾರು 45ರಿಂದ 60 ಲಕ್ಷ. ಅಲ್ಲಿಗೆ ಮುಗಿಯುವುದಿಲ್ಲ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಲೈಸೆನ್ಸ್ ಬಂದಮೇಲೆ ಏರ್‌ಬಸ್ಸೋ ಬೋಯಿಂಗೋ ಹಾರಿಸಲು ಟೈಪ್ ರೇಟಿಂಗ್ ಅಂತ ಬೇರೆ ತರಬೇತಿ. ಅದಕ್ಕೆ ಹೆಚ್ಚು ಕಡಿಮೆ 15 ಲಕ್ಷದ ಮೇಲೆ. ಏರ್‌ಲೈನ್‌ಗಳದೇ ಕೆಡೆಟ್ ಯೋಜನೆಗಳಿಗೆ (ಅವರೇ ಆರಿಸಿ ತರಬೇತಿ ಕೊಡಿಸುವುದು) ಸೇರಿದರೆ ಎಲ್ಲ ಸೇರಿ ಕೋಟಿ ದಾಟುವುದೂ ಇದೆ.

ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತದೆ. ತೋಟದ ಪಹಣಿ ಹಿಡಿದುಕೊಂಡು ಹೋದರೆ ಬಹಳ ಕಡೆ ಒಪ್ಪುವುದಿಲ್ಲ. ಸಾಲ ತೀರದಿದ್ದಾಗ ಬ್ಯಾಂಕು ಆಸ್ತಿ ವಶಪಡಿಸಿಕೊಳ್ಳಲು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯ ಆಗುವುದಿಲ್ಲ, ಅದಕ್ಕೆ ಅವರು ಪೇಟೆಯ ಮನೆಯೋ ಸೈಟೋ ಕೇಳುತ್ತಾರೆ. ಹಾಗಂತ ಚೇಣಿಯವರ ಹತ್ತಿರ, ಕೈಸಾಲದವರ ಹತ್ತಿರ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಲೈಸೆನ್ಸ್ ಬಂದ ಮರುದಿನ ಕೆಲಸ ಬರುವುದಿಲ್ಲ, ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಪ್ರತಿಸಲವೂ ಅನುಭವಸ್ಥ ಪೈಲಟ್‌ಗಳು ಹೊಸಬರ ಜೊತೆಗೇ ಸಾಲಿನಲ್ಲಿ ನಿಂತರು. ಆ ಕಾಲದಲ್ಲಿ ತಿಂಗಳ ಬಡ್ಡಿ ತೆಗೆದುಕೊಂಡು ಹೋಗುವ ಶಕ್ತಿ ಮನೆಗೆ ಇದೆಯೇ ಅನ್ನುವುದನ್ನು ಮನೆಯವರೆಲ್ಲ ಕೂತು ಮಾತಾಡಿ.

ಸರ್ಕಾರಿ ಶಾಲೆಗಳನ್ನೂ ನೋಡಿ. ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಮಗಳ ಅಂಕಕ್ಕೆ ಅದನ್ನು ಬರೆಯದೆ ಬಿಡಬಾರದು.

ಪ್ರಶ್ನೆ (ಸಾಗರದ ವಿದ್ಯಾರ್ಥಿ):
ಅಣ್ಣಾ, ನನಗೆ ಕನ್ನಡಕ ಇದೆ, ಮೈನಸ್ ಎರಡು. ಆಸೆ ಬಿಡಬೇಕಾ?

ಉತ್ತರ:
ಬಿಡಬೇಡ ತಮ್ಮಾ. ಕನ್ನಡಕ ಹಾಕಿದಾಗ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಸಾಕು. ಹಾರುವಾಗ ಇನ್ನೊಂದು ಜೋಡಿ ಕನ್ನಡಕ ಜೊತೆಯಲ್ಲಿರಬೇಕು, ಅಷ್ಟೇ. ಬಣ್ಣ ಕಾಣುವುದು ಮಾತ್ರ ಬೇರೆ ವಿಷಯ. ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪ ಇರುತ್ತವೆ. ಎರಡು ಬಿಳಿ ಎರಡು ಕೆಂಪು ಕಂಡರೆ ಸರಿಯಾದ ಇಳಿಜಾರಿನಲ್ಲಿ ಬರುತ್ತಿದ್ದೀಯ, ನಾಲ್ಕೂ ಬಿಳಿ ಆದರೆ ತೀರ ಎತ್ತರ, ನಾಲ್ಕೂ ಕೆಂಪಾದರೆ ತೀರ ಕೆಳಗೆ. ರಾತ್ರಿ, ಮಳೆಯಲ್ಲಿ, ಇಳಿಯುವ ಕೊನೆಯ ನಿಮಿಷದಲ್ಲಿ ಆ ಬಣ್ಣ ತಪ್ಪಿ ಕಂಡರೆ ಹಿಂದೆ ಕೂತ ನೂರೆಂಬತ್ತು ಜನರ ಗತಿ ಏನು? ಅದಕ್ಕೇ ಅಲ್ಲಿ ರಿಯಾಯಿತಿ ಕೇಳುವುದು ಸರಿಯಲ್ಲ. ಶಿವಮೊಗ್ಗದ ಯಾವುದೇ ಕಣ್ಣಿನ ಡಾಕ್ಟರ ಹತ್ತಿರ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪುಸ್ತಕದಲ್ಲಿ ನೋಡಿಸಿಕೊ, ಹತ್ತು ನಿಮಿಷದ ಕೆಲಸ.

ಪ್ರಶ್ನೆ (ಶಿವಮೊಗ್ಗ, ಕಾಮರ್ಸ್ ಪಿಯುಸಿ):
ಫಿಸಿಕ್ಸ್, ಮ್ಯಾಥ್ಸ್ ಇಲ್ಲದೆ ಆಗಲ್ವಾ ಸರ್?

ಉತ್ತರ:
ಆ ಎರಡು ವಿಷಯ ಬೇಕು. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಅವೆರಡನ್ನೇ ಬರೆದು ಪಾಸಾಗಿ ಬಂದ ಸಹೋದ್ಯೋಗಿಗಳು ನನಗಿದ್ದಾರೆ.

ಪ್ರಶ್ನೆ (ಕೊಪ್ಪದ ಒಬ್ಬ ತಾಯಿ):
ನಮ್ಮ ಹುಡುಗಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲಿ ಅಂತೆ. ಅಷ್ಟು ದುಡ್ಡೂ ನಮ್ಮಲ್ಲಿ ಇಲ್ಲ. ಸುಮ್ಮನೆ ಆಸೆ ಹುಟ್ಟಿಸಿ ನೋಯಿಸೋದು ಬೇಡ ಅಂತ ಅನ್ನಿಸುತ್ತೆ.

ಉತ್ತರ:
ಅಮ್ಮಾ, ನಾನೂ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಮ್ಮೇ. ನ್ಯಾವಿಗೇಶನ್, ಹವಾಮಾನ, ವಾಯು ನಿಯಮ, ಟೆಕ್ನಿಕಲ್ ಅಂತ ಪೇಪರುಗಳಿವೆ, ನೂರಕ್ಕೆ ಎಪ್ಪತ್ತು ತೆಗೆಯಬೇಕು. ಇಂಗ್ಲಿಷು ಆರು ತಿಂಗಳು ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹವಾಮಾನದ ಪುಸ್ತಕ ತೆರೆದಾಗ ನನಗೆ ಊರು ಸಿಕ್ಕಿತು. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಆವಿ ಮೋಡವಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಅದೇ ಗಾಳಿ ಘಟ್ಟ ಇಳಿದು ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಒಣಗಿರುತ್ತದೆ. ಬೇರೆಯವರು ಬಾಯಿಪಾಠ ಮಾಡಿದ್ದನ್ನು ನಾನು ಶಾಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುವಾಗಲೇ ಕಲಿತಿದ್ದೆ. ನಿಮ್ಮ ಮಗಳಿಗೂ ಅದು ಗೊತ್ತು.

ದುಡ್ಡಿನ ಮಾತಿಗೆ ಬೇರೆ ದಾರಿ ಇದೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇದ್ದರೆ ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆಯಬಹುದು. 2022ರಿಂದ ಹುಡುಗಿಯರನ್ನೂ ಅಲ್ಲಿ ಸೇರಿಸಿಕೊಳ್ಳುತ್ತಿದ್ದಾರೆ. ವಾಯುಪಡೆಯ ಫ್ಲೈಯಿಂಗ್ ಶಾಖೆಗೆ ಆಯ್ಕೆಯಾದರೆ ತರಬೇತಿಯ ಖರ್ಚು ಸರ್ಕಾರದ್ದೇ. ವಾಯುಪಡೆಯ ಆಯ್ಕೆ ಮಂಡಳಿ ಮೈಸೂರಿನಲ್ಲೂ ಇದೆ. ಪೈಲಟ್ ಅಭ್ಯರ್ಥಿಗಳಿಗೆ ಕಂಪ್ಯೂಟರ್ ಮೇಲೆ ನಡೆಯುವ ಪರೀಕ್ಷೆ ಜೀವನದಲ್ಲಿ ಒಂದೇ ಸಲ, ಸೋತರೆ ಮತ್ತೆ ಅವಕಾಶವಿಲ್ಲ. ಹಾಗಾಗಿ ನಿದ್ದೆಗೆಟ್ಟು ಹೋಗಿ ಕೂರಬಾರದು.

ಹಾರುವುದೇ ಆಗದಿದ್ದರೆ ಬಿಎಸ್ಸಿ ಫಿಸಿಕ್ಸ್-ಮ್ಯಾಥ್ಸ್ ಮಾಡಿ ನೆಲದಿಂದ ರೇಡಿಯೊದಲ್ಲಿ ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲರ್ ಪರೀಕ್ಷೆ ಬರೆಯಬಹುದು. ನಾನು ಪ್ರತಿ ಹಾರಾಟದಲ್ಲೂ ನಂಬುವುದು ಆ ದನಿಯನ್ನು. ಸೋಗಾನೆಯಲ್ಲಿ ಮಳೆಗಾಲ ಇಳಿಯುವ ಪ್ರತಿ ವಿಮಾನಕ್ಕೂ ಅಂಥ ಒಬ್ಬರ ಕಣ್ಣು, ಕಿವಿ ಬೇಕು.

ಪ್ರಶ್ನೆ (ತೀರ್ಥಹಳ್ಳಿಯ ತಂದೆ):
ಸರ್, ಏಜೆಂಟರಿಗೆ ಬೇಡ ಅಂದೆ. ಕ್ಲಾಸ್ 2 ಮೆಡಿಕಲ್‌ಗೆ ಬರುವ ಸೋಮವಾರ ದಿನ ಸಿಕ್ಕಿದೆ. ಏನೇನು ಹಿಡಿದುಕೊಂಡು ಹೋಗಬೇಕು?

ಉತ್ತರ:
ಬಹಳ ಒಳ್ಳೆಯದಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಫೋಟೊ. ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು, ಇನಿಶಿಯಲ್ ಒಂದೇ ಥರ ಇದೆಯೇ ಇವತ್ತೇ ನೋಡಿ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ ಇದ್ದು ನನಗೆ ಮೂರು ತಿಂಗಳು ಹಾಳಾಗಿತ್ತು. ಭಾನುವಾರ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ನೇರ ಹೋಗಬೇಡಿ, ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ನಿದ್ದೆಗೆಟ್ಟರೆ ಬಿಪಿ ಏರಿ ಕಾಣುತ್ತದೆ. ಸಮಯ ಮಿಕ್ಕರೆ ಮಗಳನ್ನು ಜಕ್ಕೂರಿಗೆ ಕರೆದುಕೊಂಡು ಹೋಗಿ, ಬೇಲಿಯ ಆಚೆಯಿಂದಾದರೂ ಸಣ್ಣ ವಿಮಾನ ಏಳುವುದನ್ನು ತೋರಿಸಿ. ರಿಪೋರ್ಟ್ ಬಂದ ದಿನ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.