ಉತ್ತರ ಸಿಕ್ಕ ಮೇಲೂ ರುಚಿ ಉಳಿಯುವ ಒಗಟುಗಳಿವೆಯೇ?

ಪ್ರಶ್ನೆ: ಹೂಬುಟ್ಟಿ

ಕಳೆದ ವಾರ ಊರಿಗೆ ಹೋಗಿದ್ದಾಗ ನಮ್ಮ ಅಜ್ಜಿ, ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಒಂದು ಹಳೆಯ ಲೆಕ್ಕವನ್ನು ಒಡ್ಡಿದರು. ಭಕ್ತನೊಬ್ಬ ಬುಟ್ಟಿಯಲ್ಲಿ ಕೆಲವು ಹೂಗಳನ್ನು ಹಿಡಿದು ಮೂರು ಗುಡಿಗಳಿಗೆ ಹೊರಟಿದ್ದಾನೆ. ಪ್ರತಿ ಗುಡಿಯ ಮುಂದೆಯೂ ಒಂದು ಕೊಳವಿದ್ದು, ಅದರಲ್ಲಿ ಅದ್ದಿದ ಹೂಗಳೆಲ್ಲ ಇಮ್ಮಡಿಯಾಗುತ್ತವೆ. ಮೂರು ದೇವರಿಗೂ ಸಮನಾಗಿ ಹೂವೇರಿಸಿದ ಮೇಲೆ ಬುಟ್ಟಿ ಬರಿದಾಗಬೇಕು. ಹಾಗಾದರೆ ಕಡಿಮೆಯೆಂದರೆ ಅವನು ಮನೆಯಿಂದ ತಂದ ಹೂಗಳೆಷ್ಟು, ಪ್ರತಿ ದೇವರಿಗೆ ಏರಿಸಿದ್ದೆಷ್ಟು?

ನಾನು ಕಾಗದ ತೆಗೆದುಕೊಂಡು ಎಕ್ಸ್, ವೈ ಎಂದಿಟ್ಟು ಎರಡೇ ನಿಮಿಷದಲ್ಲಿ 7 ಮತ್ತು 8 ಎಂದು ಹೇಳಿಬಿಟ್ಟೆ. ಆದರೆ ಮಗಳು ನನ್ನ ಕಾಗದದತ್ತ ನೋಡಲೇ ಇಲ್ಲ. ಕೊನೆಯ ಗುಡಿಯಿಂದ ಹಿಂದಕ್ಕೆ, ಒಂದೊಂದೇ ಕೊಳವನ್ನು ದಾಟುತ್ತ ಬೆರಳು ಮಡಿಸಿ ಎಣಿಸುತ್ತಿದ್ದ ಅಜ್ಜಿಯ ಪಕ್ಕದಲ್ಲಿಯೇ ಕುಳಿತಿದ್ದಳು. ಉತ್ತರ ಸಿಕ್ಕಿದ ಕೂಡಲೇ ನನ್ನ ಪಾಲಿಗೆ ಒಗಟು ಸತ್ತೇ ಹೋಗಿತ್ತು, ಅವರಿಬ್ಬರಿಗೆ ಮಾತ್ರ ಅದು ಊಟದ ಹೊತ್ತಿನವರೆಗೂ ನಡೆಯಿತು. ಇಂತಹ ಲೆಕ್ಕಗಳಲ್ಲಿ ಉತ್ತರದ ಆಚೆಗೂ ಸವಿಯುವಂಥದ್ದು ಏನಿದೆ, ಪುಸ್ತಕವನ್ನು ತೆರೆಯದೆ ದಿನನಿತ್ಯದ ಓಡಾಟದಲ್ಲಿಯೇ ಅದನ್ನು ಕಂಡುಕೊಳ್ಳುವುದು ಹೇಗೆ ಎಂದು ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಉತ್ತರ: ಹಳೆಯ ಮೇಷ್ಟ್ರು

ನಿಮ್ಮ ಸಮೀಕರಣ ಸರಿಯಾಗಿಯೇ ಇದೆ, ಆದರೆ 7 ಮತ್ತು 8 ಏಕೆ ಅಕ್ಕಪಕ್ಕದ ಸಂಖ್ಯೆಗಳಾದವು ಎಂಬುದನ್ನು ಅದು ಹೇಳುವುದಿಲ್ಲ. ಭಕ್ತನು 8 ಹೂಗಳನ್ನೇ ತಂದಿದ್ದನೆಂದು ಭಾವಿಸಿ. ಕೊಳದಲ್ಲಿ ಅವು 16 ಆಗುತ್ತವೆ, ದೇವರಿಗೆ 8 ಹೋಗುತ್ತವೆ, ಬುಟ್ಟಿಯಲ್ಲಿ ಮತ್ತೆ 8 ಉಳಿಯುತ್ತವೆ. ಹೀಗೆ ನೂರು ಗುಡಿಗಳನ್ನು ಸುತ್ತಿದರೂ ಬುಟ್ಟಿ ಬರಿದಾಗದು. ಈಗ ಒಂದೇ ಒಂದು ಹೂವನ್ನು ಕಡಿಮೆ ಮಾಡಿ. ಹೂವಿನಂತೆಯೇ ಆ ಕೊರತೆಯೂ ಕೊಳದಲ್ಲಿ ಇಮ್ಮಡಿಯಾಗುವುದರಿಂದ ಅದು 1ರಿಂದ 2, 2ರಿಂದ 4, 4ರಿಂದ 8 ಆಗಿ, ಮೂರನೆಯ ಗುಡಿಯಲ್ಲಿ ಉಳಿಯಬೇಕಾಗಿದ್ದ ಎಂಟನ್ನೂ ನುಂಗಿಬಿಡುತ್ತದೆ. ಇಷ್ಟನ್ನು ಕಂಡ ಮೇಲೆ ನಾಲ್ಕು ಗುಡಿಗಳಾದರೆ 15 ತಂದು 16 ಏರಿಸಬೇಕೆಂದು ಹೇಳಲು ಕಾಗದವೇ ಬೇಕಾಗಿಲ್ಲ. ಕೊಳವು ಇಮ್ಮಡಿಯ ಬದಲು ಮುಮ್ಮಡಿ ಮಾಡಿದರೆ ಏನಾಗುತ್ತದೆಂದು ಮಗಳನ್ನು ಕೇಳಿ ನೋಡಿ. ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಉತ್ತರ: ಚುಕ್ಕಿಗೆರೆ

ನನಗೆ ಶಾಲೆಯ ಗಣಿತ ಎಂದೂ ಒಲಿದಿರಲಿಲ್ಲ. ಆದರೆ ಬಾಗಿಲ ಮುಂದೆ ಚುಕ್ಕಿಗಳನ್ನು ಸುತ್ತುವರಿಯುವ ಎಳೆಯ ರಂಗೋಲಿ ಹಾಕುವಾಗ, ಕೆಲವು ಸಲ ಒಂದೇ ಎಳೆ ಎಲ್ಲ ಚುಕ್ಕಿಗಳನ್ನೂ ಬಳಸಿ ಹೊರಟಲ್ಲಿಗೇ ಬಂದು ಸೇರುವುದು, ಕೆಲವು ಸಲ ನಡುವೆಯೇ ಮುಚ್ಚಿಕೊಂಡು ಎರಡನೆಯ ಎಳೆಯನ್ನು ಹೊಸದಾಗಿ ಹಿಡಿಯಬೇಕಾಗುವುದು ಏಕೆಂಬ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿತ್ತು. ಚುಕ್ಕಿಗಳನ್ನು ನೇರ ಸಾಲುಗಳಲ್ಲಿ ಚೌಕವಾಗಿಯೋ ಆಯತವಾಗಿಯೋ ಇಡಬೇಕು. ನೆರೆಯ ಎರಡು ಚುಕ್ಕಿಗಳ ನಡುವಿನ ಪ್ರತಿ ಸಂದಿನಲ್ಲಿಯೂ ಎಳೆಗಳು ಓರೆಯಾಗಿ ಒಂದನ್ನೊಂದು ದಾಟಬೇಕು, ಅಂಚಿಗೆ ಬಂದಾಗ ಮಾತ್ರ, ಕೇರಂ ಹಲಗೆಯ ಅಂಚಿಗೆ ಬಡಿದ ಕಾಯಿಯಂತೆ, ಹಿಂದಕ್ಕೆ ತಿರುಗಬೇಕು. ಹೀಗೆ ಹಾಕಿದರೆ 3 ಸಾಲು 4 ಚುಕ್ಕಿಗೆ ಒಂದೇ ಎಳೆ ಸಾಕಾಗುತ್ತದೆ, 4 ಸಾಲು 6 ಚುಕ್ಕಿಗೆ ಎರಡು ಬೇಕು, 4 ಸಾಲು 4 ಚುಕ್ಕಿಗೆ ನಾಲ್ಕು ಬೇಕು. ಎಳೆಗಳ ಎಣಿಕೆಯು ಆ ಎರಡು ಸಂಖ್ಯೆಗಳ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎಂದು ತಿಳಿದ ದಿನ, ಶಾಲೆಯಲ್ಲಿ ಅರ್ಥವಿಲ್ಲದೆ ಉರು ಹೊಡೆದಿದ್ದ ಆ ಮೂರಕ್ಷರ ನನ್ನ ಅಂಗಳದಲ್ಲಿಯೇ ಬಿದ್ದಿತ್ತಲ್ಲ ಎಂದು ನಗು ಬಂದಿತು.

ಇನ್ನೊಂದು ಕೈಚಳಕವೂ ಇದೆ. ಎರಡು ಬೇರೆ ಬೇರೆ ಎಳೆಗಳು ದಾಟುವ ಒಂದು ಸಂದಿನಲ್ಲಿ ಅವು ದಾಟದೆ, ಬೆನ್ನಿಗೆ ಬೆನ್ನು ಕೊಟ್ಟು ಬಾಗುವಂತೆ ತಿದ್ದಿದರೆ ಎರಡೂ ಕೂಡಿ ಒಂದೇ ಎಳೆಯಾಗುತ್ತವೆ.

ಉತ್ತರ: ಸಿಗ್ನಲ್‌ವಾಸಿ

ಮೇಷ್ಟ್ರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಒಗಟಿನ ಒಳಗುಟ್ಟು ತಿಳಿದರೆ ಮಾತ್ರ ಸಂತೋಷ ಎನ್ನುವುದಾದರೆ ನನ್ನಂಥವರು ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕಾಲ ಕಳೆಯುವುದು ಕಷ್ಟ. ಮುಂದಿನ ವಾಹನದ ನಂಬರ್ ಪ್ಲೇಟಿನ ನಾಲ್ಕು ಅಂಕಿಗಳನ್ನು ನಾನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯುತ್ತೇನೆ, ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋಗುತ್ತೇನೆ. 3524 ಎಂದಿದ್ದರೆ 5432ರಲ್ಲಿ 2345 ಕಳೆದು 3087, ಅದರಿಂದ 8352, ಅದರಿಂದ 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಬೇರೇನೂ ಬರುವುದಿಲ್ಲ. ನಾಲ್ಕೂ ಅಂಕಿಗಳು ಒಂದೇ ಆಗಿರದಿದ್ದರೆ ಯಾವ ಪ್ಲೇಟ್ ಆದರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಅಲ್ಲಿಗೇ ಬಂದು ನಿಲ್ಲುತ್ತದೆ. ನಡುವೆ 999 ಬಂದರೆ ಅದನ್ನು 0999 ಎಂದು ಓದಿಕೊಳ್ಳುವುದನ್ನು ಮರೆಯಬಾರದು. ಇದನ್ನು 1949ರಲ್ಲಿ ಕಂಡುಹಿಡಿದವರು ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್. ಏಕೆ ಹೀಗಾಗುತ್ತದೆ ಎಂಬುದಕ್ಕೆ ಹೂವಿನ ಕೊರತೆಯಂತಹ ಮುದ್ದಾದ ಕಾರಣವನ್ನು ನಾನು ಈವರೆಗೆ ಕಂಡಿಲ್ಲ, ಆದರೂ ಪ್ರತಿ ಸಲ ಆ ಸಂಖ್ಯೆ ಬಂದಾಗ ಪರಿಚಯದವರು ಎದುರಾದಂತೆ ಅನ್ನಿಸುತ್ತದೆ. (ಇದು ಹಿಂದಿನ ಸೀಟಿನಲ್ಲಿ ಕುಳಿತವರ ಆಟ, ಚಾಲಕರು ದಯವಿಟ್ಟು ರಸ್ತೆಯನ್ನು ನೋಡಿ.)

ಪ್ರಶ್ನೆ ಕೇಳಿದವರಿಂದ: ಹೂಬುಟ್ಟಿ

ಮೂವರಿಗೂ ವಂದನೆಗಳು. ಮುಮ್ಮಡಿಯ ಕೊಳಕ್ಕೆ ಮಗಳು 13 ಮತ್ತು 27 ಎಂದು ಹೇಳಿದ್ದಾಳೆ, ತಪ್ಪಿದ್ದರೆ ಮೇಷ್ಟ್ರು ತಿದ್ದಬೇಕು. ಭಾನುವಾರ ಅಜ್ಜಿ ಮತ್ತು ಅವಳು ಸೇರಿ ಅಂಗಳದಲ್ಲಿ 4 ಸಾಲು 4 ಚುಕ್ಕಿಯ ರಂಗೋಲಿ ಹಾಕಿದರು. ನಾಲ್ಕು ಎಳೆಗಳು ಒಂದಾಗಬೇಕಾದರೆ ಮೂರು ಸಂದುಗಳನ್ನು ತಿದ್ದಲೇಬೇಕು, ಅದಕ್ಕಿಂತ ಕಡಿಮೆ ಸಾಲದು ಎಂಬುದನ್ನು ಅವಳೇ ಕಂಡುಕೊಂಡಳು. ಆದರೆ ಕಣ್ಣಿಗೆ ಬಿದ್ದ ಯಾವ ಮೂರನ್ನು ತಿದ್ದಿದರೂ ಆಗುವುದಿಲ್ಲ. ಕೂಡಿಕೊಂಡ ಎಳೆ ತನ್ನನ್ನೇ ದಾಟುವ ಕಡೆ ಕೈಯಿಟ್ಟರೆ ಎಣಿಕೆ ಇಳಿಯುವುದೇ ಇಲ್ಲ. ಸರಿಯಾದ ಮೂರನ್ನು ಒಟ್ಟು ಎಷ್ಟು ಬಗೆಯಲ್ಲಿ ಆರಿಸಬಹುದು ಎಂದು ಅವಳು ಈಗ ಕೇಳುತ್ತಿದ್ದಾಳೆ, ನಾನು ಎಕ್ಸ್, ವೈಗಳನ್ನು ಇನ್ನೂ ಹೊರಗೆ ತೆಗೆದಿಲ್ಲ.