ತೋಟದ ಮನೆಯಲ್ಲಿ ಬೇಕಿಂಗ್: ನಿಮ್ಮ ಅನುಭವ ಹೇಳ್ತೀರಾ?

ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆಗೆ ಬಂದು ಒಂದು ವರ್ಷವಾಯಿತು. ಈ ಮಳೆಯಲ್ಲಿ ಮನಸ್ಸು ಮಂಕಾಗುತ್ತದೆ. ಕೇಕ್, ಬ್ರೆಡ್ ಮಾಡುವಾಗ ಮಾತ್ರ ಹಗುರ ಅನಿಸುತ್ತದೆ. ಆದರೆ ಕರೆಂಟ್ ಇರುವುದಿಲ್ಲ, ಬ್ರೆಡ್ ಉಬ್ಬುವುದಿಲ್ಲ, ಅತ್ತೆಗೆ ಮೊಟ್ಟೆ ಆಗುವುದಿಲ್ಲ. ನೀವೆಲ್ಲ ಏನು ಮಾಡಿದಿರಿ?

ಹೊಸನಗರ ಕಡೆಯಿಂದ:
ನನ್ನದೂ ಇದೇ ಕಥೆ. ಮೊದಲು ಬ್ರೆಡ್ ವಿಷಯ. ಯೀಸ್ಟ್‌ಗೆ ಚಳಿ ಆಗದು. ಕಲಸಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಬಚ್ಚಲ ಒಲೆ ಹತ್ತಿರ ಇಡಿ. ಮಳೆಗಾಲದಲ್ಲಿ ಆ ಒಲೆ ಎಲ್ಲಿ ಆರುತ್ತದೆ? ಮೇಲೆ ಒಣಗಲು ಹಾಕಿದ ಬಟ್ಟೆ, ಕೆಳಗೆ ನನ್ನ ಹಿಟ್ಟು. ಮೊದಲ ಬ್ರೆಡ್ ಹೊಗೆ ವಾಸನೆ ಬಂತು. ಮಾವನಿಗೆ ಅದೇ ಇಷ್ಟವಾಯಿತು!

ಕರೆಂಟ್ ನಂಬಬೇಡಿ. ಕುಕ್ಕರ್ ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಮೇಲೆ ಕೇಕ್ ಪಾತ್ರೆ ಇಟ್ಟು, ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು ಸಣ್ಣ ಉರಿಯಲ್ಲಿ 40–45 ನಿಮಿಷ ಬೇಯಿಸಿ. ನೀರು ಹಾಕಬಾರದು. ಮೊಟ್ಟೆ ಬದಲು ಹುಳಿ ಮಜ್ಜಿಗೆ ಮತ್ತು ಅಡಿಗೆ ಸೋಡಾ, ಸಕ್ಕರೆ ಬದಲು ಪಾಕದಂತಿರುವ ಜೋನಿ ಬೆಲ್ಲ. ಚೆನ್ನಾಗಿ ಉಬ್ಬುತ್ತದೆ.

ಮನಸ್ಸಿನ ವಿಷಯ ಹೇಳಬೇಕಲ್ವಾ. ಮೊದಲು ಒಬ್ಬಳೇ ಮಾಡಿ ಒಬ್ಬಳೇ ತಿನ್ನುತ್ತಿದ್ದೆ. ಹಗುರ ಆಗುತ್ತಿದ್ದದ್ದು ಅರ್ಧ ಗಂಟೆ ಅಷ್ಟೇ. ಆ ವರ್ಷ ಅಡಿಕೆ ಕೊಯ್ಲಿನಲ್ಲಿ, ರಾತ್ರಿ ಅಡಿಕೆ ಸುಲಿಯಲು ಕೂತವರಿಗೆ ಕಾಫಿ ಜೊತೆ ಬಾಳೆಹಣ್ಣಿನ ಕೇಕ್ ಒಯ್ದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದಿದ್ದ ಅಜ್ಜಿಯ ಕೈಯೆಲ್ಲ ಅಡಿಕೆ ಕರೆ. "ಬಾಯಿಗೇ ಹಾಕೇ ಮಾರಾಯ್ತಿ" ಅಂದರು. ಹಾಕಿದೆ. ಮರುದಿನ ನಾನೂ ಸುಲಿಯಲು ಕೂತೆ. ನನ್ನ ವೇಗ ನೋಡಿ ಎಲ್ಲರಿಗೂ ನಗು.

ಸಾಗರದಿಂದ:
ನಮ್ಮ ಅತ್ತೆ ಸೌತೆಕಾಯಿ, ಅಕ್ಕಿ ರವೆ, ಬೆಲ್ಲ ಸೇರಿಸಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಅದೂ ಬೇಕಿಂಗೇ ಅಲ್ವಾ! ನಾನು ಓವನ್‌ನಲ್ಲಿ ಮಾಡಿಕೊಟ್ಟೆ. "ತಳ ಸೀದಿಲ್ಲ, ರುಚಿ ಎಲ್ಲಿಂದ ಬರಬೇಕು" ಅಂದರು. ಆದರೂ ಎರಡು ತುಂಡು ತಿಂದರು.

ಆಗುಂಬೆ ಹತ್ತಿರದಿಂದ:
ಮೈದಾ ಜಾಸ್ತಿ ತಂದಿಡಬೇಡಿ, ಮುಗ್ಗಲು ಹಿಡಿಯುತ್ತದೆ. ಇನ್ನೊಂದು ಮಾತು. ಮಂಕು ವಾರಗಟ್ಟಲೆ ಬಿಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ನಾನು ಎರಡು ಮಳೆಗಾಲ ಸುಮ್ನೆ ತಡೆದುಕೊಂಡೆ. ಬೇಕಿರಲಿಲ್ಲ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಹಿಟ್ಟು ಈಗ ಬಚ್ಚಲ ಒಲೆ ಪಕ್ಕದಲ್ಲಿದೆ. ಅತ್ತೆ ಆಗಲೇ ಎರಡು ಸಲ ಬಟ್ಟೆ ಎತ್ತಿ ನೋಡಿದರು.