ಕಣ್ಣು ಸರಿ ಇದೆಯಂತೆ, ಆದರೂ ತಮ್ಮನಿಗೆ ಮಂಜಲ್ಲಿ ಜೀಪು ಕಾಣಲ್ಲ

ಸೋಮವಾರಪೇಟೆಯವ
ತಮ್ಮನಿಗೆ ಸ್ಕಿಜೋಫ್ರೀನಿಯಾ. ಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದಾನೆ, ಕಿವಿಯಲ್ಲಿ ಧ್ವನಿ ಕೇಳೋದು ಹೆಚ್ಚುಕಡಿಮೆ ನಿಂತಿದೆ. ಈಗಿನ ತೊಂದರೆ ಬೇರೆ. ಮಳೆಗಾಲದ ಸಂಜೆ ತೋಟದಿಂದ ಇಬ್ಬರೂ ಬರುವಾಗ ಎದುರಿಂದ ಬರುವ ಜೀಪು ನನಗೆ ಆಗಲೇ ಕಂಡಿರುತ್ತದೆ, ಅವನಿಗೆ ತೀರಾ ಹತ್ತಿರ ಬಂದ ಮೇಲೇ ಗೊತ್ತಾಗೋದು. ಕಣ್ಣಿನ ಡಾಕ್ಟ್ರು ಅಕ್ಷರ ಓದಿಸಿ 6/6 ಅಂದರು. ಮನೆಯಲ್ಲಿ ಎಲ್ಲರೂ ಸುಮ್ನೆ ನೆಪ ಅನ್ನುತ್ತಾರೆ. ಕಾಯಿಲೆಗೂ ಇದಕ್ಕೂ ಸಂಬಂಧ ಇದೆಯಾ?

ಸೈಕಾಲಜಿ ಓದುತ್ತಿರುವವಳು
ನೆಪ ಅಲ್ಲ ಅಣ್ಣ, ಇರಬಹುದು. ಅಕ್ಷರದ ಬೋರ್ಡು ಬಿಳಿ ಮೇಲೆ ಕಪ್ಪು, ಬೇಕಾದಷ್ಟು ಹೊತ್ತು ನೋಡಬಹುದು. ಮಂಜಿನ ಜೀಪು ಬೂದಿ ಮೇಲೆ ಬೂದಿ, ಅದೂ ಓಡುತ್ತಿರುತ್ತದೆ! ಮಸುಕು ಆಕಾರ, ಚಲನೆ ಹಿಡಿಯೋಕೆ ಕಣ್ಣಿಂದ ಮಿದುಳಿಗೆ ಮ್ಯಾಗ್ನೋಸೆಲ್ಯುಲರ್ ಅನ್ನುವ ಬೇರೆಯೇ ದಾರಿ ಇದೆ, ಅದು ಈ ಕಾಯಿಲೆಯಲ್ಲಿ ಸೊರಗಿರುತ್ತದೆ ಅಂತ ಹಲವರ ವಾದ, ಒಪ್ಪದವರೂ ಇದ್ದಾರೆ. ತಲೆಗೆ ಇಇಜಿ (ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಯಂತ್ರ) ವೈರು ಹಾಕಿ ಚಿತ್ರ ತೋರಿಸಿದರೆ ಸುಮಾರು 100 ಮಿಲಿಸೆಕೆಂಡಿಗೆ ಪಿ1 ಅನ್ನುವ ಅಲೆ ಏಳುತ್ತದೆ, ಎಷ್ಟೋ ಅಧ್ಯಯನಗಳಲ್ಲಿ ಈ ಕಾಯಿಲೆಯವರ ಅಲೆ ಚಿಕ್ಕದು. ಇನ್ನೊಂದು ಪರೀಕ್ಷೆ, ಒಂದು ಅಕ್ಷರ ಮಿಂಚಿಸಿ ತಕ್ಷಣ ಅದೇ ಜಾಗದಲ್ಲಿ ಅಡ್ಡಾದಿಡ್ಡಿ ಗೆರೆ ತೋರಿಸುತ್ತಾರೆ. ನಡುವೆ ನಮಗಿಂತ ಜಾಸ್ತಿ ಬಿಡುವು ಸಿಕ್ಕರೇ ಇವರಿಗೆ ಅಕ್ಷರ ದಕ್ಕೋದು. ಉಲ್ಟಾ ಕೂಡ ಇದೆ. ಮುಖವಾಡದ ಟೊಳ್ಳು ಒಳಬದಿ ನಮಗೆಲ್ಲ ಉಬ್ಬಿದ ಮುಖದ ಹಾಗೆ ಕಂಡರೆ, ಇವರು ಅಷ್ಟಾಗಿ ಮೋಸ ಹೋಗಲ್ಲ.

ಕರಿಮೆಣಸು
ನಮ್ಮ ಚಿಕ್ಕಮ್ಮನ ಮಗನಿಗೆ ಸ್ಕಿಜೋಟೈಪಲ್ ಅಂದಿದ್ದಾರೆ. ಅದೂ ಇದೇನಾ?

ಸೈಕಾಲಜಿ ಓದುತ್ತಿರುವವಳು
ಹತ್ತಿರದ ನೆಂಟ ಅನ್ನಿ, ಯೋಚನೆ, ನಡವಳಿಕೆ ವಿಚಿತ್ರ ಅನಿಸುವ ಸ್ವಭಾವ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಅದನ್ನು ವ್ಯಕ್ತಿತ್ವದ ತೊಂದರೆಗಳ ಜೊತೆ ಇಟ್ಟಿದೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಪಟ್ಟಿ ಐಸಿಡಿಯಲ್ಲಿ ಸ್ಕಿಜೋಫ್ರೀನಿಯಾ ಗುಂಪಿನಲ್ಲೇ ಇದೆ. ಆ ಗೆರೆಯ ಪರೀಕ್ಷೆಯಲ್ಲಿ ಸ್ಕಿಜೋಟೈಪಲ್ ಇರುವವರೂ, ಸ್ಕಿಜೋಫ್ರೀನಿಯಾ ಇರುವವರ ಕಾಯಿಲೆಯೇ ಇಲ್ಲದ ಒಡಹುಟ್ಟಿದವರೂ ಸ್ವಲ್ಪ ಹಿಂದೆ ಬಿದ್ದದ್ದು ಕಂಡಿದೆ. ಹಾಗಾಗಿ ಎಲ್ಲವನ್ನೂ ಮಾತ್ರೆ ತಲೆಗೆ ಕಟ್ಟೋಕಾಗಲ್ಲ. ಹಾಗಂತ ಈ ಪರೀಕ್ಷೆ ಮಾಡಿ ಇಂಥವರಿಗೆ ಕಾಯಿಲೆ ಇದೆ ಅಂತ ಹೇಳೋಕೂ ಆಗಲ್ಲ.

ಕುಶಾಲನಗರ ಸಿಸ್ಟರ್
ಮಾತ್ರೆಯ ಪಾತ್ರ ಏನೂ ಇಲ್ಲ ಅಂತಲೂ ಅನ್ನಬೇಡಮ್ಮ. ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿದ್ದರೆ ಕಣ್ಣು ಮಸುಕಾಗುತ್ತದೆ, ಹತ್ತಿರದ್ದು ಓದುವಾಗ ಜಾಸ್ತಿ. ಚೀಟಿ ತಗೊಂಡು ಮನೋವೈದ್ಯರಿಗೇ ತೋರಿಸಿ, ನೀವಾಗಿ ನಿಲ್ಲಿಸಬೇಡಿ. ದೂರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಸೋಮವಾರಪೇಟೆಯವ
ಆ ಮಾತ್ರೆ ಚೀಟಿಯಲ್ಲಿ ಇದೆ ಸಿಸ್ಟರ್, ಈಗಷ್ಟೇ ನೋಡಿದೆ. ಸೋಮವಾರ ಕರ್ಕೊಂಡು ಹೋಗುತ್ತೇನೆ. ಒಡಹುಟ್ಟಿದವರೂ ಹಿಂದೆ ಬೀಳುತ್ತಾರೆ ಅಂದರಲ್ಲ, ನನ್ನನ್ನೂ ಕೂರಿಸಿದರೆ ಕಥೆ ಏನೋ! ಅಲ್ಲಿವರೆಗೆ ಸಂಜೆ ಬೈಕ್ ಕೀ ಅಮ್ಮನ ಹತ್ತಿರ.